ನೆನಪು ಹೋಗುವ ಕ್ರಮ: ಅಲ್ಜೈಮರ್ ಮತ್ತು ನಮ್ಮ ಮನೆಗಳು



ನಾನು ಆರಿಸಿಕೊಂಡಿರುವ ವಿಷಯ, ಅಲ್ಜೈಮರ್ ಕಾಯಿಲೆ ಬೆಳೆಯುತ್ತಾ ಹೋದಂತೆ ಮನುಷ್ಯನ ನೆನಪು ಮತ್ತು ಯೋಚನೆ ಹೇಗೆ ಬದಲಾಗುತ್ತವೆ ಎಂಬುದು. ಕಾಯಿಲೆಯ ಕಾರಣಗಳನ್ನೆಲ್ಲ ಹೇಳಿ ಮುಗಿಸುವ ಉದ್ದೇಶ ನನಗಿಲ್ಲ, ಔಷಧಗಳ ಪಟ್ಟಿ ಕೊಡುವುದೂ ಇಲ್ಲ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದು ಮಾತು. ಈ ಕಾಯಿಲೆಯಲ್ಲಿ ನೆನಪು ಅಡ್ಡಾದಿಡ್ಡಿಯಾಗಿ ಹೋಗುವುದಿಲ್ಲ, ಅದು ಹೋಗುವುದಕ್ಕೆ ಒಂದು ಕ್ರಮವಿದೆ. ಯಾವುದು ಮೊದಲು ಹೋಗುತ್ತದೆ, ಯಾವುದು ಕೊನೆಯವರೆಗೆ ಉಳಿಯುತ್ತದೆ ಎಂದು ಮನೆಯವರಿಗೆ ತಿಳಿದಿದ್ದರೆ ಅವರ ಸಿಟ್ಟು ತಗ್ಗುತ್ತದೆ, ಕಾಯಿಲೆಯಾದವರ ಹೆದರಿಕೆಯೂ ತಗ್ಗುತ್ತದೆ. ನೆನಪು, ಯೋಚನೆ, ಭಾಷೆ, ಕೊನೆಗೆ ಉಳಿಯುವ ಸಂಗತಿಗಳು, ಈ ಅನುಕ್ರಮದಲ್ಲಿ ಮಾತಾಡುತ್ತೇನೆ.

ಇದನ್ನು ಈ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಏಕೆ ಹೇಳಬೇಕು? 60 ವರ್ಷ ದಾಟಿದ ಭಾರತೀಯರಲ್ಲಿ ಶೇಕಡ 7.4 ಮಂದಿಗೆ ಡಿಮೆನ್ಷಿಯಾ, ಅಂದರೆ ಅಲ್ಜೈಮರ್‌ನಂಥ ಕಾಯಿಲೆಗಳಿಂದ ನೆನಪು, ಯೋಚನೆ ಕುಂದುವ ಸ್ಥಿತಿ, ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ತಲೆ ಎಣಿಸಿದರೆ ಅದು ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಗಳಲ್ಲಿ, ಓದಿದವರಿಗಿಂತ ಓದದವರಲ್ಲಿ ಇದರ ಪ್ರಮಾಣ ಹೆಚ್ಚು. ಅಂದರೆ ಈ ಕಾಯಿಲೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳದ್ದಲ್ಲ, ನಮ್ಮ ಹಳ್ಳಿಯ ಅಜ್ಜಿಯರದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಚಿಂತಾಮಣಿಯ ಪಕ್ಕದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018ರಿಂದ ದೊಡ್ಡದೊಂದು ಅಧ್ಯಯನ ನಡೆಸುತ್ತಿದೆ. 45 ವರ್ಷ ಮೇಲ್ಪಟ್ಟ 10,000 ಹಳ್ಳಿಗರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುತ್ತಾ, ಯಾರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ನೋಡುವುದು ಅದರ ಗುರಿ. ಭಾರತದ ಹಳ್ಳಿಯೊಂದರ ಮುಪ್ಪನ್ನು ಇಷ್ಟು ತಾಳ್ಮೆಯಿಂದ ಗಮನಿಸಿದ ಉದಾಹರಣೆಗಳು ತೀರ ಕಡಿಮೆ. ಆ ಕೆಲಸ ನಮ್ಮ ಮಗ್ಗುಲಲ್ಲೇ, ನಮ್ಮಂತೆಯೇ ಮಾತಾಡುವ, ನಮ್ಮಂತೆಯೇ ಉಣ್ಣುವ ಜನರ ನಡುವೆ ಆಗುತ್ತಿದೆ.

ನೆನಪಿನ ವಿಷಯಕ್ಕೆ ಹೋಗುವ ಮುನ್ನ ಒಂದು ನಂಬಿಕೆಯನ್ನು ಪಕ್ಕಕ್ಕಿಡಬೇಕು. ಅರವತ್ತಕ್ಕೆ ಅರಳು ಮರಳು ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ವಯಸ್ಸಾದರೆ ಬುದ್ಧಿ ಕೆಡುವುದು ಸಹಜ, ಅದಕ್ಕೆ ಆಸ್ಪತ್ರೆಯೇಕೆ ಎಂಬ ಭಾವನೆ ಅದರ ಹಿಂದಿದೆ. ಇಲ್ಲಿಗೆ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ತಮ್ಮ ವೃತ್ತಿಜೀವನದ ನೆನಪುಗಳ ಪುಸ್ತಕವನ್ನು 1951ರಲ್ಲಿ, ತೊಂಬತ್ತರ ಹೊಸ್ತಿಲಲ್ಲಿ ನಿಂತು ಪ್ರಕಟಿಸಿದರು. ನೂರು ದಾಟಿದ ಮೇಲೆ, 1962ರಲ್ಲಿ ತೀರಿಕೊಂಡರು. ಎಲ್ಲರೂ ವಿಶ್ವೇಶ್ವರಯ್ಯನವರಾಗಲು ಸಾಧ್ಯವಿಲ್ಲ ಎನ್ನಬಹುದು. ಆದರೆ ಎಂಬತ್ತು ದಾಟಿದವರಲ್ಲೂ ಬಹುಪಾಲು ಜನರಿಗೆ ಡಿಮೆನ್ಷಿಯಾ ಇರುವುದಿಲ್ಲ ಎಂಬುದು ಸತ್ಯ. ವಯಸ್ಸಾದಂತೆ ಮಿದುಳು ನಿಧಾನವಾಗುತ್ತದೆ. ಹೆಸರು ನಾಲಿಗೆ ತುದಿಯಲ್ಲೇ ನಿಂತುಬಿಡುತ್ತದೆ, ಕನ್ನಡಕ ಎಲ್ಲಿಟ್ಟೆವೆಂದು ಹುಡುಕುತ್ತೇವೆ. ಒಂದು ಸುಳಿವು ಸಿಕ್ಕರೆ, ಸ್ವಲ್ಪ ಹೊತ್ತು ಬಿಟ್ಟರೆ ನೆನಪು ಬರುತ್ತದೆ. ಅಲ್ಜೈಮರ್‌ನಲ್ಲಿ ಸುಳಿವು ಕೊಟ್ಟರೂ ಬರುವುದಿಲ್ಲ. ಮರೆತಿದ್ದೇನೆ ಎಂಬ ಅರಿವೂ ಕ್ರಮೇಣ ಹೋಗುತ್ತದೆ.

ಈ ಕಾಯಿಲೆಗೆ ಹೆಸರು ಕೊಟ್ಟ ಜರ್ಮನಿಯ ವೈದ್ಯ ಅಲೊಯಿಸ್ ಅಲ್ಜೈಮರ್ 1901ರ ನವೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ ಆಗುಸ್ಟ ಡೆಟರ್ ಎಂಬ 51 ವರ್ಷದ ಹೆಂಗಸನ್ನು ಪರೀಕ್ಷಿಸಿದರು. ನಿಮ್ಮ ಹೆಸರೇನು ಎಂದರೆ ಆಗುಸ್ಟ ಎಂದಳು. ಗಂಡನ ಹೆಸರೇನು ಎಂದರೂ ಆಗುಸ್ಟ ಎಂದಳು. ಊಟಕ್ಕೆ ಕೂತು ಹೂಕೋಸು ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ಪಾಲಕ್ ಸೊಪ್ಪು ಎಂದಳು. ತನ್ನ ಹೆಸರು ಬರೆಯಲು ತೊಡಗಿ ಅರ್ಧಕ್ಕೆ ನಿಲ್ಲಿಸಿದಳು. ನಾನು ನನ್ನನ್ನೇ ಕಳೆದುಕೊಂಡಿದ್ದೇನೆ ಎಂಬ ಅರ್ಥದ ಮಾತನ್ನೂ ಆಡಿದಳೆಂದು ದಾಖಲೆಯಲ್ಲಿದೆ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅಲ್ಜೈಮರ್ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳ ಹೊರಗೆ ಗಟ್ಟಿಯಾದ ಮಚ್ಚೆಗಳೂ ಒಳಗೆ ಸಿಕ್ಕುಬಿದ್ದ ಎಳೆಗಳೂ ಕಂಡವು. ಮಚ್ಚೆಗಳು ಅಮಿಲಾಯ್ಡ್ ಎಂಬ ಪ್ರೋಟೀನಿನವು, ಎಳೆಗಳು ಟೌ ಎಂಬ ಪ್ರೋಟೀನಿನವು ಎಂದು ಈಗ ತಿಳಿದಿದೆ. ಮೊದಲ ಮರೆವು ಮನೆಯವರ ಕಣ್ಣಿಗೆ ಬೀಳುವುದಕ್ಕೆ ಹದಿನೈದು, ಇಪ್ಪತ್ತು ವರ್ಷ ಮೊದಲೇ ಅಮಿಲಾಯ್ಡ್ ಸೇರಲು ತೊಡಗಿರುತ್ತದೆ.

ಹೇಕೊ ಬ್ರಾಕ್ ಮತ್ತು ಎವಾ ಬ್ರಾಕ್ ಎಂಬ ಜರ್ಮನ್ ದಂಪತಿ 1991ರಲ್ಲಿ ತೋರಿಸಿಕೊಟ್ಟ ಒಂದು ಸಂಗತಿ ನನ್ನ ಇವತ್ತಿನ ಮಾತಿಗೆಲ್ಲ ಆಧಾರ. ಟೌ ಎಳೆಗಳು ಮಿದುಳಿನ ಎಲ್ಲ ಭಾಗಗಳಿಗೂ ಒಟ್ಟಿಗೆ ನುಗ್ಗುವುದಿಲ್ಲ. ಕಿವಿಯ ನೇರಕ್ಕೆ ಒಳಭಾಗದಲ್ಲಿರುವ ಒಂದು ಚಿಕ್ಕ ಪ್ರದೇಶದಲ್ಲಿ ತೊಡಗಿ, ಪಕ್ಕದ ಹಿಪ್ಪೊಕ್ಯಾಂಪಸ್‌ಗೆ ಹರಡಿ, ಅಲ್ಲಿಂದ ಮಾತು, ಲೆಕ್ಕ, ತೀರ್ಮಾನಗಳನ್ನು ನಡೆಸುವ ಮೇಲ್ಪದರಕ್ಕೆ ಹೋಗುತ್ತವೆ. ಕೈಕಾಲು ಆಡಿಸುವ, ಸ್ಪರ್ಶ ತಿಳಿಯುವ, ಕಣ್ಣಿಗೆ ಬಿದ್ದದ್ದನ್ನು ಮೊದಲು ಗ್ರಹಿಸುವ ಭಾಗಗಳನ್ನು ಮುಟ್ಟುವುದು ಕೊನೆಯಲ್ಲಿ. ನಮ್ಮ ಮನೆಯಲ್ಲಿ ನಾವು ಕಾಣುವ ಕ್ರಮಕ್ಕೆ ಕಾರಣ ಈ ಹಾದಿ.

ಈಗ ಮೊದಲ ಭಾಗಕ್ಕೆ ಬರುತ್ತೇನೆ, ನೆನಪಿಗೆ.

ಮಧ್ಯಾಹ್ನ ಹಿತಕಿದ ಬೇಳೆ ಸಾರು, ಮುದ್ದೆ ಉಂಡು ಕೈ ತೊಳೆದ ಅಜ್ಜಿ ಅರ್ಧ ಗಂಟೆ ಕಳೆದು "ಇನ್ನೂ ಊಟ ಹಾಕಿಲ್ಲ ನಂಗೆ" ಎನ್ನುತ್ತಾರೆ. ಬೆಂಗಳೂರಿಂದ ಬಂದ ಮೊಮ್ಮಗನನ್ನು "ಯಾವಾಗ ಬಂದ್ಯಪ್ಪ?" ಎಂದು ಹತ್ತು ಸಲ ಕೇಳುತ್ತಾರೆ. ಅದೇ ಅಜ್ಜಿ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು, ದಿಬ್ಬಣ ಯಾವ ಊರಿನ ಮೇಲೆ ಬಂತು, ಯಾರು ಮುನಿಸಿಕೊಂಡು ಊಟಕ್ಕೆ ಬರಲಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳುತ್ತಾರೆ. ಮನೆಯವರ ಅನುಮಾನ ಶುರುವಾಗುವುದು ಇಲ್ಲಿಂದಲೇ. ಅರವತ್ತು ವರ್ಷದ ಹಿಂದಿನದು ನೆನಪಿರುವವರಿಗೆ ಅರ್ಧ ಗಂಟೆಯ ಹಿಂದಿನದು ನೆನಪಿಲ್ಲವೇ? ನಾಟಕ ಆಡುತ್ತಾರೆ ಎನ್ನುತ್ತಾರೆ.

ಅದು ನಾಟಕವಲ್ಲ. ನಡೆದ ಘಟನೆಯನ್ನು ನೆನಪಾಗಿ ಕೂಡಿಸಿಡುವ ಕೆಲಸ ಹಿಪ್ಪೊಕ್ಯಾಂಪಸ್‌ನದು. ಅದು ಸೋತಾಗ ಊಟದ ಘಟನೆ ಮಿದುಳಿನಲ್ಲಿ ದಾಖಲಾಗುವುದೇ ಇಲ್ಲ. ಬರೆಯದ ಪುಟವನ್ನು ಎಷ್ಟು ಸಲ ತಿರುವಿದರೂ ಓದಲು ಏನಿರುತ್ತದೆ? ಹಳೆಯ ನೆನಪುಗಳಾದರೋ ವರ್ಷಗಳಿಂದ ಮತ್ತೆ ಮತ್ತೆ ಹೇಳಿಕೊಂಡು ಮಿದುಳಿನ ಮೇಲ್ಪದರದಲ್ಲಿ ಬೇರೂರಿರುತ್ತವೆ. ಹೊಸದು ಮೊದಲು ಹೋಗುತ್ತದೆ, ಹಳೆಯದು ನಿಧಾನವಾಗಿ ಹೋಗುತ್ತದೆ ಎಂಬ ಈ ನಿಯಮವನ್ನು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ತೆಯೊಡುಲ್ ರಿಬೊ 1881ರಷ್ಟು ಹಿಂದೆಯೇ ಗುರುತಿಸಿದ್ದರು. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ 1953ರಲ್ಲಿ ಮೂರ್ಛೆರೋಗಕ್ಕೆಂದು ಶಸ್ತ್ರಚಿಕಿತ್ಸೆ ಮಾಡಿ ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಆಮೇಲೆ ಆತನಿಗೆ ಹೊಸ ಘಟನೆ ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಬುದ್ಧಿ, ಮಾತು, ಬಾಲ್ಯದ ನೆನಪು ಚೆನ್ನಾಗಿಯೇ ಇದ್ದವು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಕೆಲಸವನ್ನು ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಂದ ಮಾಡಿಸಿದಾಗ ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಆ ಕೆಲಸವನ್ನು ಹಿಂದೆ ಎಂದಾದರೂ ಮಾಡಿದ್ದೆನೆಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ನೆನಪು ಒಂದೇ ಅಲ್ಲ, ಘಟನೆಯ ನೆನಪು ಬೇರೆ, ಕೈಯ ನೆನಪು ಬೇರೆ ಎಂಬುದು ಅಂದು ಸ್ಪಷ್ಟವಾಯಿತು. ಇದಕ್ಕೆ ಮುಂದೆ ಮತ್ತೆ ಬರುತ್ತೇನೆ.

ಕಳ್ಳತನದ ಆರೋಪವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಎಷ್ಟೋ ಮನೆಗಳು ಒಡೆದಿರುವುದು ಇದರಿಂದ. ಅತ್ತೆ ತನ್ನ ಕಿವಿಯೋಲೆಯನ್ನೋ ಪಿಂಚಣಿ ದುಡ್ಡನ್ನೋ ಭದ್ರವಾಗಿರಲಿ ಎಂದು ಅಕ್ಕಿ ಡಬ್ಬದಲ್ಲಿಡುತ್ತಾರೆ. ಇಟ್ಟದ್ದು ದಾಖಲಾಗಿಲ್ಲ. ಆದರೆ ಓಲೆ ತನ್ನದು, ಅದು ಇರಬೇಕಾದ ಜಾಗದಲ್ಲಿಲ್ಲ ಎಂಬುದು ಮಾತ್ರ ಗೊತ್ತು. ಮಿದುಳು ಈ ಎರಡು ಸಂಗತಿಗಳ ನಡುವೆ ಕಾರಣ ಹುಡುಕುತ್ತದೆ. ದಿನವಿಡೀ ಹತ್ತಿರ ಓಡಾಡುವವಳು ಸೊಸೆ. "ಅವಳೇ ತಗೊಂಡಿದ್ದಾಳೆ" ಎನ್ನುತ್ತಾರೆ. ಅತ್ಯಂತ ಹೆಚ್ಚು ಸೇವೆ ಮಾಡುವವಳ ಮೇಲೆಯೇ ಅತ್ಯಂತ ಹೆಚ್ಚು ಆರೋಪ ಬರುವುದು ಈ ಕಾರಣಕ್ಕೆ. ಹಬ್ಬಕ್ಕೆ ಬಂದ ನಾದಿನಿಯರು ತಾಯಿಯ ಮಾತು ನಂಬಿ ಅತ್ತಿಗೆಯನ್ನು ಪ್ರಶ್ನಿಸುತ್ತಾರೆ. ಇದು ಕಾಯಿಲೆಯ ಲಕ್ಷಣ, ಇಬ್ಬರಲ್ಲಿ ಯಾರ ಗುಣದ ದೋಷವೂ ಅಲ್ಲ ಎಂದು ಆ ಮನೆಗೆ ಯಾರಾದರೂ ಒಂದು ಸಲ ಬಿಡಿಸಿ ಹೇಳಿದ್ದರೆ ಎಂದು ನನಗೆ ಎಷ್ಟೋ ಬಾರಿ ಅನಿಸಿದೆ. ವಾದ ಮಾಡಿ ಪ್ರಯೋಜನವಿಲ್ಲ. "ಹೌದಾ ಅತ್ತೆ, ಬನ್ನಿ ಹುಡುಕೋಣ" ಎಂದು ಜೊತೆಗೂಡಿ ಹುಡುಕುವುದು ಮೇಲು. ಅವರು ಸಾಮಾನ್ಯವಾಗಿ ಬಚ್ಚಿಡುವ ಮೂರು ನಾಲ್ಕು ಜಾಗ ಗುರುತಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕಾಯಿಲೆ ಇನ್ನಷ್ಟು ಬಲಿತಾಗ ಹಳೆಯ ನೆನಪುಗಳೂ ಹಿಂದೆ ಹಿಂದೆ ಸವೆಯುತ್ತವೆ. ಮೊಮ್ಮಕ್ಕಳ ಗುರುತು ಮೊದಲು ಹೋಗುತ್ತದೆ, ಆಮೇಲೆ ಮಕ್ಕಳದು. ಮಗನನ್ನು ಅಣ್ಣನೆಂದು ಕರೆಯುತ್ತಾರೆ. ಸಂಜೆಯಾದಂತೆ ಚಡಪಡಿಕೆ ಹೆಚ್ಚಿ, ಐವತ್ತು ವರ್ಷದಿಂದ ಬಾಳಿದ ಮನೆಯಲ್ಲೇ ಕೂತು "ನಮ್ಮೂರಿಗೆ ಹೋಗ್ಬೇಕು, ಅಮ್ಮ ಕಾಯ್ತಿರ್ತಾಳೆ" ಎನ್ನುತ್ತಾರೆ. ಅವರ ಮನಸ್ಸು ನಿಂತಿರುವ ಕಾಲದಲ್ಲಿ ಮನೆಯೆಂದರೆ ತವರುಮನೆಯೇ. ಅಮ್ಮ ಸತ್ತು ಮೂವತ್ತು ವರ್ಷವಾಯಿತು ಎಂದು ನಾವು ಹೇಳಿದರೆ ಅವರಿಗೆ ಅದು ಹೊಸ ಸುದ್ದಿ. ಆ ಸಾವಿನ ದುಃಖವನ್ನು ಪ್ರತಿ ಸಂಜೆ ಹೊಸದಾಗಿ ಕೊಟ್ಟಂತಾಗುತ್ತದೆ. ಅಮ್ಮ ಏನು ಅಡುಗೆ ಮಾಡುತ್ತಿದ್ದರು, ಊರಿನ ಕೆರೆ ಎಷ್ಟು ದೊಡ್ಡದಿತ್ತು ಎಂದು ಕೇಳಿದರೆ ಮಾತು ಬೆಳೆಯುತ್ತದೆ, ಚಡಪಡಿಕೆ ಇಳಿಯುತ್ತದೆ.

ನೆನಪಿನಿಂದ ಈಗ ಯೋಚನೆಯ ಕಡೆ ಹೊರಳುತ್ತೇನೆ. ಅಲ್ಜೈಮರ್ ಎಂದರೆ ಮರೆವಿನ ಕಾಯಿಲೆ ಎಂದಷ್ಟೇ ತಿಳಿದವರಿಗೆ ಈ ಭಾಗ ಕಣ್ಣಿಗೆ ಬೀಳುವುದಿಲ್ಲ.

ಶಿಡ್ಲಘಟ್ಟ ಸೀಮೆಯ ಒಂದು ರೇಷ್ಮೆ ಹುಳು ಸಾಕಣೆ ಮನೆಯನ್ನು ಎಣಿಸಿಕೊಳ್ಳಿ. ಚಾಕಿ ಹುಳು, ಅಂದರೆ ಎಳೆಯ ಹುಳು, ತಂದ ದಿನದಿಂದ ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುವವರೆಗೆ ಮನಸ್ಸು ನೂರು ಲೆಕ್ಕ ಇಟ್ಟಿರಬೇಕು. ಹುಳು ಯಾವ ಜ್ವರದಲ್ಲಿದೆ, ಅಂದರೆ ಎಷ್ಟನೇ ಸಲ ಪೊರೆ ಬಿಡುತ್ತಿದೆ, ಎಲ್ಲ ಹುಳುವೂ ಜ್ವರಕ್ಕೆ ಕೂತಿವೆಯೇ, ಸೊಪ್ಪು ಯಾವಾಗ ನಿಲ್ಲಿಸಬೇಕು, ಸುಣ್ಣ ಯಾವಾಗ ಉದುರಿಸಬೇಕು, ನಾಲ್ಕನೇ ಜ್ವರ ಎದ್ದ ಮೇಲೆ ದಿನಕ್ಕೆ ಎಷ್ಟು ಸೊಪ್ಪು ಬೇಕು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಎಷ್ಟು ಜನ ಕೂಲಿ ಬೇಕು. ಇದರಲ್ಲಿ ಪ್ರತಿಯೊಂದು ಕೆಲಸವೂ ನಲವತ್ತು ವರ್ಷದ ಅನುಭವಿಗೆ ಸಲೀಸು. ಕಷ್ಟವಾಗುವುದು ಅವನ್ನು ಒಂದರ ಹಿಂದೊಂದು ಜೋಡಿಸುವುದು, ಎರಡು ಕೆಲಸಗಳನ್ನು ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿದಿಡುವುದು, ಎಣಿಸಿದ್ದು ತಪ್ಪಿದಾಗ ಉಪಾಯ ಬದಲಿಸುವುದು. ಅಲ್ಜೈಮರ್ ಮಿದುಳಿನ ಮುಂಭಾಗಕ್ಕೂ ಪಾರ್ಶ್ವಗಳಿಗೂ ಹರಡಿದಂತೆ ಕುಸಿಯುವುದು ಈ ಜೋಡಿಸುವ ಶಕ್ತಿಯೇ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುತ್ತಾರೆ. ಬೆಳೆ ಕೆಡುತ್ತದೆ. ಹವಾಮಾನ ಸರಿಯಿರಲಿಲ್ಲ, ಮೊಟ್ಟೆ ಚೆನ್ನಾಗಿರಲಿಲ್ಲ ಎಂದು ಒಂದೆರಡು ಬೆಳೆಗೆ ಕಾರಣ ಸಿಗುತ್ತದೆ. ಆಮೇಲೆ ಮಗ ಜವಾಬ್ದಾರಿ ವಹಿಸಿಕೊಳ್ಳುತ್ತಾನೆ, ತಂದೆ ಜಗಲಿಗೆ ಬರುತ್ತಾರೆ. ಕಾಯಿಲೆಯ ಮೊದಲ ಎರಡು ಮೂರು ವರ್ಷ ಹೀಗೆ ಕೂಡುಕುಟುಂಬದ ಹೊಂದಾಣಿಕೆಯಲ್ಲಿ ಮುಚ್ಚಿಹೋಗುತ್ತವೆ. ಪೇಟೆಯಲ್ಲಿ ಕಾರು ಓಡಿಸುವವನ, ಬ್ಯಾಂಕಿನಲ್ಲಿ ಕೆಲಸ ಮಾಡುವವನ ಕಾಯಿಲೆ ಬೇಗ ಬಯಲಾಗುತ್ತದೆ. ನಮ್ಮ ಮನೆಗಳ ಒಳ್ಳೆಯ ಗುಣವೇ ಇಲ್ಲಿ ಕಾಯಿಲೆಯನ್ನು ತಡವಾಗಿ ಕಾಣಿಸುತ್ತದೆ.

ಅಡುಗೆಮನೆಯಲ್ಲೂ ಇದೇ ಕಥೆ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ, ಒಲೆ ಆರಿಸುವುದು ಮರೆಯುತ್ತದೆ, ಇಪ್ಪತ್ತು ಜನರಿಗೆ ಅಡುಗೆ ಮಾಡುತ್ತಿದ್ದವರು ನಾಲ್ಕು ಜನರಿಗೆ ತಡಬಡಿಸುತ್ತಾರೆ. ಸಂತೆಯಲ್ಲಿ ಚಿಲ್ಲರೆ ಎಣಿಸಲು ತಡೆಯುತ್ತಾರೆ. ಗೊತ್ತಿದ್ದ ದಾರಿಯಲ್ಲಿ ಹೊಲಕ್ಕೆ ಹೋದವರು ತಿರುವು ತಪ್ಪಿ ಪಕ್ಕದೂರಿನಲ್ಲಿ ಸಿಗುತ್ತಾರೆ.

ಓದುಬರಹವಿಲ್ಲದವರಲ್ಲಿ ಇದನ್ನು ಅಳೆಯುವುದು ಹೇಗೆ? ಇವತ್ತು ತಾರೀಖು ಎಷ್ಟು, ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ ಎಂದು ಕೇಳುವ ಪರೀಕ್ಷೆಯಲ್ಲಿ ಆರೋಗ್ಯವಾಗಿರುವ ಅಜ್ಜಿಯೂ ಸೋಲುತ್ತಾರೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಈ ಪ್ರಶ್ನೆಗಳನ್ನು ಬದಲಿಸಿದರು. ಕಳೆಯುವ ಲೆಕ್ಕದ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ಬರೆಯುವುದರ ಬದಲು ಮನೆಯ ಬಗ್ಗೆ ಒಂದು ಮಾತು ಆಡಿಸಿದರು. ನಮ್ಮಲ್ಲಿ ಜುಲೈ ತಿಂಗಳೆಂದು ಹೇಳಲಾಗದ ಹಿರಿಯರು ಆಷಾಢ ನಡೆಯುತ್ತಿದೆ, ಅಮಾವಾಸ್ಯೆಗೆ ಎರಡು ದಿನವಿದೆ ಎಂದು ಥಟ್ಟನೆ ಹೇಳಬಲ್ಲರು. ಅವರಿಗೆ ಕಾಲದ ಅರಿವಿದೆ, ಕ್ಯಾಲೆಂಡರಿನ ಅರಿವಿಲ್ಲ ಅಷ್ಟೆ.

ಯೋಚನೆ ಕುಸಿಯುವುದರ ಬಗ್ಗೆ ಈ ಜಿಲ್ಲೆಯಲ್ಲಿ ಮಾತಾಡುವವರು ಜಮೀನಿನ ಮಾತು ಎತ್ತದೆ ಹೋಗಬಾರದು. ಬೆಂಗಳೂರಿನ ವಿಮಾನ ನಿಲ್ದಾಣ ಬಂದ ಮೇಲೆ, ನಂದಿಬೆಟ್ಟದ ಸುತ್ತ ಲೇಔಟುಗಳು ಎದ್ದ ಮೇಲೆ, ಒಣ ಭೂಮಿಯ ಒಂದು ಎಕರೆಯೂ ದೊಡ್ಡ ಆಸ್ತಿಯಾಗಿದೆ. ಅದು ಹೆಚ್ಚಾಗಿ ಎಪ್ಪತ್ತು ದಾಟಿದವರ ಹೆಸರಿನಲ್ಲಿದೆ. ಅಲ್ಜೈಮರ್‌ನ ಮಧ್ಯದ ಹಂತದಲ್ಲಿರುವವರು ಬಂದವರೊಡನೆ ಸೊಗಸಾಗಿ ಮಾತಾಡುತ್ತಾರೆ, ಕಾಫಿ ಕುಡಿಯಿರಿ ಎನ್ನುತ್ತಾರೆ, ಹೇಳಿದ ಕಡೆ ಹೆಬ್ಬೆಟ್ಟು ಒತ್ತುತ್ತಾರೆ. ಒತ್ತಿದರೆ ಏನಾಗುತ್ತದೆ ಎಂದು ಮುಂದಿನದನ್ನು ತೂಗಿ ನೋಡುವ ಶಕ್ತಿ ಮಾತ್ರ ಇರುವುದಿಲ್ಲ. ಒಪ್ಪಂದವನ್ನು ಅರಿತು, ತನ್ನ ಹಿತಕ್ಕೆ ಅದರ ಪರಿಣಾಮವೇನೆಂದು ವಿವೇಚಿಸಬಲ್ಲವನೇ ಒಪ್ಪಂದ ಮಾಡಿಕೊಳ್ಳಬಲ್ಲ ಎಂದು 1872ರ ಕರಾರು ಕಾಯಿದೆ ಹೇಳುತ್ತದೆ. ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಟ್ಟುಕೊಂಡರೆ ಸಾಕೆಂದು ಬಹಳ ಮಂದಿ ತಿಳಿದಿದ್ದಾರೆ. ಬರೆದುಕೊಟ್ಟವರ ಮನಸ್ಸಿನ ಸ್ಥಿಮಿತ ತಪ್ಪಿದಾಗ ಆ ಅಧಿಕಾರವೂ ಅದೇ ಕಾಯಿದೆಯ ಪ್ರಕಾರ ಕೊನೆಗೊಳ್ಳುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ, ಅಂಥ ವರ್ಗಾವಣೆಯನ್ನು ರದ್ದುಪಡಿಸಲು 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮು ನ್ಯಾಯಮಂಡಳಿಗೆ ಅಧಿಕಾರ ಕೊಟ್ಟಿದೆ. ಆ ಷರತ್ತು ಪತ್ರದಲ್ಲೇ ಕಾಣಿಸಿದ್ದರೆ ಮುಂದೆ ತಕರಾರಿಗೆ ಎಡೆ ಕಡಿಮೆ. ಕಾಯಿಲೆಯ ಆರಂಭದಲ್ಲೇ, ತಿಳಿವಳಿಕೆ ಇನ್ನೂ ಚೆನ್ನಾಗಿರುವಾಗ, ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಆ ಹಿರಿಯರ ಇಷ್ಟ ಏನೆಂದು ಕೇಳಿ ಬರೆದಿಡಬೇಕು. ಬೇಗ ಪತ್ತೆಯಾಗುವುದರಿಂದ ಇರುವ ದೊಡ್ಡ ಲಾಭಗಳಲ್ಲಿ ಇದೊಂದು.

ಮುಂದಿನದು ಭಾಷೆ. ಈ ಸೀಮೆಗೆ ಇದು ಬಹಳ ಹತ್ತಿರದ ವಿಷಯ. ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರಿನ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆ ಕಚೇರಿಗಳಲ್ಲಿ ಕನ್ನಡ, ಶಿಡ್ಲಘಟ್ಟದ ನೂಲು ಬಿಚ್ಚುವ ಘಟಕಗಳಲ್ಲಿ ಇವೆರಡರ ಜೊತೆಗೆ ಉರ್ದು. ಈ ಸೀಮೆಯ ಸಂತಕವಿ ಕೈವಾರದ ತಾತಯ್ಯನವರು ಕನ್ನಡ, ತೆಲುಗು ಎರಡರಲ್ಲೂ ಹಾಡು ಕಟ್ಟಿದವರು. ಎರಡು ಭಾಷೆಗಳ ನಡುವೆ ದಿನಕ್ಕೆ ನೂರು ಸಲ ಹೋಗಿ ಬರುವುದು ಇಲ್ಲಿ ಯಾರಿಗೂ ಸಾಧನೆ ಎನಿಸುವುದಿಲ್ಲ.

ಅದು ಮಿದುಳಿಗೆ ಒಂದು ಸಾಧನೆಯೇ ಎಂದು ತೋರಿಸಿದವರು ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು. ಈಗ ನಿಮ್ಹಾನ್ಸ್‌ನಲ್ಲಿರುವ ಅವರು ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಷಿಯಾ ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಪ್ರಬಂಧ ಜಗತ್ತಿನ ಗಮನ ಸೆಳೆಯಿತು. ಒಂದೇ ಭಾಷೆ ಆಡುವವರಿಗಿಂತ ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸವಿತ್ತು. ಹಾಗಾಗಿ ಇದು ಓದಿನ ಫಲವೆಂದು ತಳ್ಳಿಹಾಕುವಂತಿರಲಿಲ್ಲ. ಮೂರನೆಯ, ನಾಲ್ಕನೆಯ ಭಾಷೆಯಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ, ಚರ್ಚೆ ಇನ್ನೂ ನಡೆದಿದೆ. ಒಂದನ್ನು ಸ್ಪಷ್ಟವಾಗಿ ಹೇಳಬೇಕು: ಎರಡು ಭಾಷೆ ಕಾಯಿಲೆಯನ್ನು ತಡೆಯುವುದಿಲ್ಲ. ಮಿದುಳಿನಲ್ಲಿ ಹಾನಿಯಾಗುತ್ತಿದ್ದರೂ ಸ್ವಲ್ಪ ಕಾಲ ಕೆಲಸ ನಡೆಸಿಕೊಂಡು ಹೋಗುವ ಒಳಶಕ್ತಿಯನ್ನು ಅದು ಕೊಡುತ್ತಿರಬಹುದು ಎಂಬುದು ಇದರ ಸಾರ.

ಕಾಯಿಲೆ ಬಂದ ಮೇಲೆ ಮಾತು ಹೇಗೆ ಬದಲಾಗುತ್ತದೆ? ಮೊದಲು ಹೋಗುವುದು ಹೆಸರುಗಳು. ಲೋಟ ಎನ್ನಲು ಬಾರದೆ ನೀರು ಕುಡಿಯೋದು ಎನ್ನುತ್ತಾರೆ. ಒಂದು ನಿಮಿಷದಲ್ಲಿ ತೋಚಿದಷ್ಟು ತರಕಾರಿ ಹೆಸರು ಹೇಳಿ ಎಂದರೆ ತೋಟ ಮಾಡಿದವರೂ ನಾಲ್ಕೈದಕ್ಕೆ ನಿಲ್ಲುತ್ತಾರೆ, ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ವ್ಯಾಕರಣ, ಉಚ್ಚಾರ ಬಹುಕಾಲ ಕೆಡುವುದಿಲ್ಲ. ಹಾಗಾಗಿ ಮಾತು ಸರಾಗವಾಗಿ ಹರಿಯುತ್ತದೆ, ಅದರೊಳಗಿನ ವಿಷಯ ತೆಳುವಾಗುತ್ತದೆ. ಎರಡು ಭಾಷೆಯವರಲ್ಲಿ ಯಾರೊಡನೆ ಯಾವ ಭಾಷೆ ಎಂಬ ಎಚ್ಚರ ಸಡಿಲವಾಗಬಹುದು. ತೆಲುಗು ಬಾರದ ನರ್ಸ್ ಹತ್ತಿರ ತೆಲುಗಿನಲ್ಲಿ ಮಾತಾಡುತ್ತಾ ಉತ್ತರಕ್ಕೆ ಕಾಯುತ್ತಾರೆ. ದೊಡ್ಡವರಾದ ಮೇಲೆ ಕಲಿತ ಭಾಷೆ ಮೊದಲು ಸೊರಗಿ, ತಾಯಿಯ ಭಾಷೆ ಹೆಚ್ಚು ಕಾಲ ನಿಲ್ಲುವುದನ್ನೂ ಅನೇಕರಲ್ಲಿ ಕಂಡಿದ್ದಾರೆ, ಎಲ್ಲರಲ್ಲೂ ಹೀಗೆಯೇ ಎಂದೇನಿಲ್ಲ. ಮದುವೆಯಾಗಿ ಕನ್ನಡದ ಮನೆಗೆ ಬಂದ ತೆಲುಗಿನ ಅಜ್ಜಿ ಮೌನವಾಗುತ್ತಿದ್ದರೆ, ಮಾತೇ ನಿಂತಿತು ಎಂದು ತೀರ್ಮಾನಿಸುವ ಮುನ್ನ ತೆಲುಗಿನಲ್ಲಿ ಮಾತಾಡಿಸಿ ನೋಡಬೇಕು. ವೈದ್ಯರೂ ಎರಡೂ ಭಾಷೆಗಳಲ್ಲಿ ಪರೀಕ್ಷಿಸಬೇಕು.

ಇನ್ನು ಕೊನೆಯ ಭಾಗ, ಉಳಿಯುವ ಸಂಗತಿಗಳು. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇದು.

ಕೈಯ ನೆನಪು ಬಹಳ ಕಾಲ ಉಳಿಯುತ್ತದೆ. ಹುಳುವಿನ ಬೆಳೆ ನಡೆಸಲಾರದ ತಾತ ಚಂದ್ರಿಕೆಯಿಂದ ಗೂಡು ಬಿಡಿಸಬಲ್ಲರು. ಅಡುಗೆ ಯೋಜಿಸಲಾಗದ ಅಜ್ಜಿ ಅವರೆಕಾಯಿ ಸುಲಿಯಬಲ್ಲರು, ಹೂ ಕಟ್ಟಬಲ್ಲರು. ಅವರಿಂದ ಕೆಲಸ ಕಿತ್ತುಕೊಳ್ಳುವಾಗ ಇಡೀ ಕೆಲಸವನ್ನು ಕಿತ್ತುಕೊಳ್ಳಬೇಕಾಗಿಲ್ಲ. ಜೋಡಿಸುವ ಭಾಗ ನಾವು ಮಾಡಿ, ಕೈಯ ಭಾಗ ಅವರಿಗೆ ಬಿಡಬಹುದು. ಭಜನೆ, ಸೋಬಾನೆ ಪದಗಳೂ ಹಾಗೆಯೇ. ಮಗಳ ಹೆಸರು ಮರೆತವರು ಮೊದಲ ಸಾಲು ಕೇಳಿದರೆ ಹಾಡನ್ನು ಕೊನೆಯವರೆಗೆ ಹೇಳುವುದುಂಟು.

ಕೈಯ ನೆನಪಿನ ಹಾಗೆಯೇ ಭಾವನೆಯೂ ಘಟನೆಯ ನೆನಪನ್ನು ಮೀರಿ ಉಳಿಯುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ 17 ಅಲ್ಜೈಮರ್ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿ ಅವರಿಗೆ ಚಿತ್ರದಲ್ಲಿ ಏನಿತ್ತೆಂಬುದು ಹೆಚ್ಚುಕಡಿಮೆ ಮರೆತಿತ್ತು. ಆದರೆ ದುಃಖ ಉಳಿದಿತ್ತು, ಸಂತೋಷವೂ ಉಳಿದಿತ್ತು. ಚಿತ್ರದ ವಿವರ ಕಡಿಮೆ ನೆನಪಿದ್ದವರಲ್ಲಿ ದುಃಖ ಇನ್ನೂ ಹೆಚ್ಚು ಹೊತ್ತು ನಿಂತಿತ್ತು. ಹೇಗೂ ಮರೆತುಬಿಡುತ್ತಾರಲ್ಲ ಎಂದು ನಾವು ಗದರಿದ ಮಾತು ಮರೆತುಹೋಗುತ್ತದೆ, ಗದರಿದ ನೋವು ಮರೆಯುವುದಿಲ್ಲ. ಏಕೆ ನೋಯುತ್ತಿದೆ ಎಂದು ತಿಳಿಯದೆ ನೋಯುವುದು ಎಷ್ಟು ಕಷ್ಟವೆಂದು ಯೋಚಿಸಿ. ಹಾಗೆಯೇ ಮಗಳು ಬಂದು ಹೋದದ್ದು ಮರೆತರೂ ಅವಳ ಜೊತೆ ಕೂತ ನೆಮ್ಮದಿ ಸಂಜೆಯವರೆಗೆ ಇರುತ್ತದೆ. ನಮ್ಮನ್ನು ಗುರುತು ಹಿಡಿಯುವುದಿಲ್ಲ, ಹೋಗಿ ಏನು ಪ್ರಯೋಜನ ಎನ್ನುವ ಮಕ್ಕಳಿಗೆ ಇದನ್ನು ಹೇಳಬೇಕು.

ಕೊನೆಯ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾರಿ ರೈಸ್‌ಬರ್ಗ್ ಎಂಬ ಅಮೆರಿಕದ ಮನೋವೈದ್ಯರು ಗುರುತಿಸಿದಂತೆ ಬಟ್ಟೆ ಆರಿಸುವುದು, ಉಡುವುದು, ಸ್ನಾನ, ಶೌಚದ ಹತೋಟಿ, ಮಾತು, ನಡಿಗೆ ಇವು ಮಗು ಕಲಿತ ಕ್ರಮಕ್ಕೆ ಹಿಮ್ಮುಖವಾಗಿ ಹೋಗುತ್ತವೆ. ಆದರೂ ಅವರು ಮಗುವಲ್ಲ. ಎಂಬತ್ತು ವರ್ಷ ಬಾಳಿದ ಹಿರಿಯರನ್ನು ಬೈದು, ತಲೆ ಮೇಲೆ ಮೊಟಕಿ ಊಟ ಮಾಡಿಸುವುದನ್ನು ನಾನು ಒಪ್ಪಲಾರೆ. ಪತ್ತೆಯಾದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವರ್ಷ, ಕೆಲವರು ಇಪ್ಪತ್ತು ವರ್ಷದವರೆಗೂ ಬದುಕುತ್ತಾರೆ. ಇದು ದೀರ್ಘ ಸೇವೆ. ಮುಗಿಸುವ ಮುನ್ನ ಅದಕ್ಕೆ ಬೇಕಾದ ಕೆಲವು ಮಾತು.

2022ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ತೊಡಗಿಸಿದಾಗ ಮೊದಲ ಪ್ರಯೋಗಕ್ಕೆ ಆರಿಸಿಕೊಂಡ ಜಾಗಗಳಲ್ಲಿ ಚಿಕ್ಕಬಳ್ಳಾಪುರವೂ ಒಂದು. ಕೋಲಾರ ಮತ್ತು ಬೆಂಗಳೂರಿನ ಜಯನಗರ ಜನರಲ್ ಆಸ್ಪತ್ರೆ ಉಳಿದೆರಡು. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವುಗಳ ಜೊತೆಗೆ ಡಿಮೆನ್ಷಿಯಾವನ್ನೂ ಜಿಲ್ಲಾ ಆಸ್ಪತ್ರೆಯ ಬ್ರೈನ್ ಹೆಲ್ತ್ ಕ್ಲಿನಿಕ್‌ನಲ್ಲೇ ನೋಡುವುದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಡುವುದು ಅದರ ಉದ್ದೇಶ. ಮರೆವಿಗೆಲ್ಲ ಅಲ್ಜೈಮರ್ ಕಾರಣವಲ್ಲವಾದ್ದರಿಂದ ಅಲ್ಲಿಗೆ ಹೋಗಲೇಬೇಕು. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳು ಇದೇ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ, ಚಿಕಿತ್ಸೆಯಿಂದ ಸುಧಾರಿಸುತ್ತವೆ. ಎರಡು ಮೂರು ದಿನಗಳಲ್ಲಿ ಇದ್ದಕ್ಕಿದ್ದಂತೆ ಗೊಂದಲ ಹೆಚ್ಚಿದರೆ ಅದು ಅಲ್ಜೈಮರ್‌ನ ನಡಿಗೆಯಲ್ಲ. ಮೂತ್ರದ ಸೋಂಕೋ ನಿರ್ಜಲೀಕರಣವೋ ಇರಬಹುದು, ಕೂಡಲೇ ತೋರಿಸಬೇಕು. ಡೊನೆಪೆಜಿಲ್, ಮೆಮಂಟೀನ್ ಮುಂತಾದ ಮಾತ್ರೆಗಳು ಲಕ್ಷಣಗಳನ್ನು ಸ್ವಲ್ಪಮಟ್ಟಿಗೆ ಹಿಡಿದಿಡುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್ ಎಂಬ ಔಷಧಕ್ಕೆ ಅಮೆರಿಕ 2023ರಲ್ಲಿ ಪೂರ್ಣ ಅನುಮತಿ ಕೊಟ್ಟಿತು. ಅದು ಆರಂಭದ ಹಂತದವರಿಗೆ ಮಾತ್ರ, ಲಾಭ ಸಣ್ಣದು, ಮಿದುಳಿನಲ್ಲಿ ಊತ ಮತ್ತು ರಕ್ತಸ್ರಾವದ ಅಪಾಯವಿದೆ. ಬಿ.ಪಿ., ಸಕ್ಕರೆ ಕಾಯಿಲೆ, ಕಿವುಡು, ಕಣ್ಣಿನ ಪೊರೆ, ಹೊಗೆಸೊಪ್ಪು, ಒಂಟಿತನ ಇವನ್ನು ನಡುವಯಸ್ಸಿನಿಂದಲೇ ನೋಡಿಕೊಂಡರೆ ಆಗುವ ಲಾಭ ಅದಕ್ಕಿಂತ ಬಹಳ ದೊಡ್ಡದು. ಇಂಥ 14 ಅಂಶಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇಕಡ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಅಂದಾಜಿಸಿದೆ.

ಆಸ್ಪತ್ರೆಗೆ ಕರೆದೊಯ್ಯುವಾಗ ಜೊತೆಗೆ ಹೋಗಬೇಕಾದವರು ಹತ್ತಿರವಿದ್ದು ನೋಡಿಕೊಳ್ಳುವವರು. ನಮ್ಮಲ್ಲಿ ದೊಡ್ಡ ಮಗ ಹೋಗುತ್ತಾನೆ, ಎಲ್ಲ ಬಲ್ಲ ಸೊಸೆ ಮನೆಯಲ್ಲುಳಿಯುತ್ತಾಳೆ. ಮೊದಲ ಬದಲಾವಣೆ ಯಾವ ಹಬ್ಬದ ಹೊತ್ತಿಗೆ ಕಂಡಿತು, ರಾತ್ರಿ ಎಷ್ಟು ಸಲ ಏಳುತ್ತಾರೆ, ಯಾವ ಮಾತಿಗೆ ಹೆದರುತ್ತಾರೆ ಎಂದು ಹೇಳಬಲ್ಲವಳು ಅವಳೊಬ್ಬಳೇ. ವೈದ್ಯರು ಅವಳನ್ನು ಕೇಳಬೇಕು, ಅವಳ ನಿದ್ದೆ, ಅವಳ ಬಿ.ಪಿ. ಹೇಗಿದೆ ಎಂದೂ ಕೇಳಬೇಕು. ತಿಂಗಳಲ್ಲಿ ನಾಲ್ಕು ದಿನವಾದರೂ ಆ ಕೆಲಸವನ್ನು ಉಳಿದ ಮಕ್ಕಳು ವಹಿಸಿಕೊಂಡು ಅವಳನ್ನು ತವರಿಗೆ ಕಳಿಸಿಕೊಡಬೇಕು. ಇದನ್ನು ಇವತ್ತೇ ಮನೆಗೆ ಹೋಗಿ ಮಾತಾಡಿ ಎಂದು ಈ ಸಭೆಯಲ್ಲಿರುವ ಗಂಡುಮಕ್ಕಳನ್ನು ಮುಖ್ಯವಾಗಿ ಕೇಳಿಕೊಳ್ಳುತ್ತೇನೆ.